ಕಬ್ಬಿಣ ಬೇಡ ಅಂದರೂ ಕಬ್ಬಿಣವನ್ನೇ ತೋರಿಸುವ ಡಿಟೆಕ್ಟರ್

ಚಿನ್ನ ಹುಡುಕಲು ಕೊಂಡ ಈ ಮೆಟಲ್ ಡಿಟೆಕ್ಟರ್ ಮೇಲೆ ನನಗಿರುವ ಸಿಟ್ಟೆಲ್ಲ ಒಂದೇ ಸ್ವಿಚ್ಚಿನದು: 'ಐರನ್ ರಿಜೆಕ್ಟ್'. ಹಾಕಿಟ್ಟರೆ ಕಬ್ಬಿಣ ಸಿಕ್ಕಾಗ ಸದ್ದು ಕಡಿದುಹೋಗುತ್ತದೆ, ಅಗೆಯುವ ಶ್ರಮ ಉಳಿಯುತ್ತದೆ ಅಂತ ಮಾರಿದವನೂ ಹೇಳಿದ್ದ, ಕೈಪಿಡಿಯೂ ಹೇಳುತ್ತದೆ. ಮೇಲ್ಮಣ್ಣಿನ ನಾಲ್ಕೈದು ಇಂಚಿನವರೆಗೆ ಅದು ಅರ್ಧ ನಿಜ. ಇನ್ನೂ ಕೆಳಗಿಳಿದರೆ ಲಾಳದ ಮೊಳೆಗೂ ಚಿನ್ನಕ್ಕೂ ಇದರ ಕಿವಿಯಲ್ಲಿ ಭೇದವೇ ಇಲ್ಲ. ಮೊಣಕಾಲುದ್ದ ಗಟ್ಟಿ ಜೇಡಿ ಅಗೆದು, ಬೆವರೊರೆಸಿಕೊಂಡು, ಕೊನೆಗೆ ತುಕ್ಕು ಹಿಡಿದ ಮೊಳೆ ಹಿಡಿದು ನಿಲ್ಲುವಾಗ ಬಾಯಲ್ಲಿ ಬರುವ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ನಾನಿರುವುದು ಮೆಲ್ಬರ್ನ್. ಕಾರಿನಲ್ಲಿ ಎರಡೂವರೆ ಗಂಟೆ ದೂರದ ಡನೋಲಿ, ಟಾರ್ನಗುಲ್ಲಾ, ವೆಡರ್‌ಬರ್ನ್ ಸುತ್ತಿನ ಕುರುಚಲು ಕಾಡು ನನ್ನ ವಾರಾಂತ್ಯದ ಜಾಗ. 1851ರಿಂದ ಇಲ್ಲಿ ಜನ ಅಗೆದದ್ದೇ ಅಗೆದದ್ದು. ಚಿನ್ನ ಒಯ್ದರು, ಉಳಿದದ್ದನ್ನೆಲ್ಲ ಬಿಟ್ಟುಹೋದರು: ಬೂಟಿನ ಮೊಳೆ, ಡಬ್ಬಿಯ ತಗಡು, ಬಂದೂಕಿನ ಸೀಸದ ಗುಂಡು. ಸೀಸವಂತೂ ಕಬ್ಬಿಣವೇ ಅಲ್ಲ, ಸ್ವಿಚ್ ನೆಟ್ಟಗಿದ್ದರೂ ಅದರಿಂದ ಬಿಡುಗಡೆಯಿಲ್ಲ.

ಹಾಗಾದರೆ ಕಬ್ಬಿಣವನ್ನು ಚೆನ್ನಾಗಿ ಗುರುತಿಸುವ ಅಗ್ಗದ ವಿಎಲ್‌ಎಫ್ (ಕಡಿಮೆ ಆವರ್ತನದ ಅಲೆಯನ್ನು ನಿಲ್ಲದೆ ಬಿಡುವ) ಯಂತ್ರ ಸಾಕಲ್ಲವೇ ಅಂತ ಗೆಳೆಯರು ಕೇಳುತ್ತಾರೆ. ಈ ಮಣ್ಣಿಗೆ ಸಾಲದು. ಕೆಂಪು ನೆಲ, ತುಂಬಾ ಕಬ್ಬಿಣದ ಆಕ್ಸೈಡ್; ವಿಎಲ್‌ಎಫ್‌ಗೆ ಮಣ್ಣಿನ ಗಲಾಟೆಯೇ ಜಾಸ್ತಿ ಕೇಳಿಸುತ್ತದೆ. ನನ್ನದು ಪಲ್ಸ್ ಇಂಡಕ್ಷನ್. ಒಂದು ಕ್ಷಣ ಮಿಡಿದು, ತಾನು ಸುಮ್ಮನಾಗಿ, ಲೋಹದೊಳಗೆ ಹುಟ್ಟಿದ ಪ್ರವಾಹ ಆರುವುದನ್ನು ಕೇಳಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮಣ್ಣಿನ ಸದ್ದು ಬಹುಪಾಲು ಅಡಗಿರುತ್ತದೆ. ಅದಕ್ಕೇ ಇದು ಆಳಕ್ಕಿಳಿಯುತ್ತದೆ, ಅದಕ್ಕೇ ಲೋಹದ ಜಾತಿ ಹೇಳುವುದರಲ್ಲಿ ಹಿಂದೆ. ಎರಡೂ ಬೇಕು ಅಂದರೆ ಆಗದು. ಇದು ಅರ್ಥವಾದ ಮೇಲೆ ಸ್ವಿಚ್ ಆಫ್ ಮಾಡಿದೆ, ಮತ್ತೆ ಮುಟ್ಟಿಲ್ಲ. ಸದ್ದು ಬಂದಲ್ಲೆಲ್ಲ ಅಗೆಯುತ್ತೇನೆ.

ಆಮೇಲಿನಿಂದಲೇ ಯಂತ್ರ ಹಿಡಿಸತೊಡಗಿದ್ದು. ಹಿಡಿಸಿದ್ದು ಅದರ ಗುಂಯ್‌ಗುಡುವಿಕೆ. ಥ್ರೆಶೋಲ್ಡ್ ಅನ್ನುತ್ತಾರೆ, ಹೆಡ್‌ಫೋನಿನಲ್ಲಿ ನಿಲ್ಲದೆ ಕೇಳುವ ಸಣ್ಣ ಸದ್ದು. ತಂಬೂರಿ ಶ್ರುತಿಯ ಹಾಗೆ ಹಿಂದೆ ಇರುತ್ತದೆ, ಕದಲಿದಾಗ ಮಾತ್ರ ಗಮನಕ್ಕೆ ಬರುತ್ತದೆ. ಬೆಳಿಗ್ಗೆ ಕಾರು ನಿಲ್ಲಿಸಿ ಫೋನನ್ನು ಡ್ಯಾಶ್‌ಬೋರ್ಡಿನಲ್ಲೇ ಬಿಡುತ್ತೇನೆ, ಜೇಬಲ್ಲಿದ್ದರೆ ಕರಕರ. ಬೂಟಿನ ತುದಿಯಲ್ಲಿ ಸ್ಟೀಲ್ ಇರಬಾರದು. ಫ್ಲಾಸ್ಕಿನ ಕಾಫಿ ಅರ್ಧ ಈಗ, ಅರ್ಧ ಆಮೇಲೆ. ಲೋಹವಿಲ್ಲದ ಜಾಗ ಹುಡುಕಿ, ಕಾಯಿಲನ್ನು, ಅಂದರೆ ಕೋಲಿನ ತುದಿಯ ತಟ್ಟೆಯನ್ನು, ನೆಲದ ಮೇಲೆ ಏರಿಸಿ ಇಳಿಸಿ ಯಂತ್ರವನ್ನು ಆ ಮಣ್ಣಿಗೆ ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಮಾಡುತ್ತೇನೆ, ಏರಿಳಿತಕ್ಕೂ ಸದ್ದು ಕದಲದ ತನಕ. ಆಮೇಲೆ ಕಾಯಿಲನ್ನು ನೆಲಕ್ಕೆ ಸವರುವ ಹಾಗೆ ಬೀಸುತ್ತಾ ನಿಧಾನ ನಡಿಗೆ. ಸದ್ದು ಒಂಚೂರು ಬಾಗಿತೋ, ನಿಲ್ಲು. ಅಡ್ಡಲಾಗಿಯೂ ಬೀಸಿ ನೋಡು. ಅಗೆ. ಪಿಕಾಸಿಗೆ ಅಂಟಿಸಿದ ಅಯಸ್ಕಾಂತವನ್ನು ಮಣ್ಣಿನಲ್ಲಿ ಆಡಿಸು. ಮೊಳೆಯಾದರೆ ಅದಕ್ಕೇ ಅಂಟುತ್ತದೆ. ಇಲ್ಲವಾದರೆ ಮಣ್ಣನ್ನು ಪ್ಲಾಸ್ಟಿಕ್ ಸ್ಕೂಪಿಗೆ ತುಂಬಿ ಕಾಯಿಲಿನ ಮೇಲೆ ಆಡಿಸು, ಅರ್ಧ ಚೆಲ್ಲು, ಮತ್ತೆ ಆಡಿಸು. ಕೊನೆಗೆ ಅಂಗೈಯಲ್ಲಿ ಉಳಿಯುವುದು ಬಹುತೇಕ ಸೀಸ. ಅಪರೂಪಕ್ಕೆ, ಎಂಜಲು ಹಚ್ಚಿ ಉಜ್ಜಿದಾಗ, ಹಳದಿ. ನನಗೆ ಸಿಕ್ಕವೆಲ್ಲ ಗ್ರಾಂ ಲೆಕ್ಕದವು, ಕೆಲವು ಅದಕ್ಕೂ ಕಡಿಮೆ. ಹೆಂಡತಿ ಪೆಟ್ರೋಲ್ ಲೆಕ್ಕ ತೆಗೆದಾಗ ಮಾತು ಬದಲಾಯಿಸುತ್ತೇನೆ.

ಆದರೂ ಆಸೆ ಇಂಗದಿರಲು ಈ ಊರುಗಳೇ ಕಾರಣ. 1869ರಲ್ಲಿ ಮೊಲಿಯಾಗಲ್‌ನಲ್ಲಿ ಜಾನ್ ಡೀಸನ್, ರಿಚರ್ಡ್ ಓಟ್ಸ್‌ಗೆ 'ವೆಲ್ಕಮ್ ಸ್ಟ್ರೇಂಜರ್' ಅನ್ನುವ ದೈತ್ಯ ಚಿನ್ನದ ಗಟ್ಟಿ ಸಿಕ್ಕಿದ್ದು ನೆಲಕ್ಕೆ ಒಂದೆರಡು ಇಂಚಿನಲ್ಲಿ. ಡನೋಲಿಯ ತಕ್ಕಡಿಗೆ ಹಿಡಿಸದೆ ಒಡೆದು ತೂಗಿದರು. ಕಿಂಗೋವರ್‌ನಲ್ಲಿ 1980ರಲ್ಲಿ ಸಿಕ್ಕ 27 ಕೆಜಿಯ 'ಹ್ಯಾಂಡ್ ಆಫ್ ಫೇತ್' ಅಂತೂ ಮೆಟಲ್ ಡಿಟೆಕ್ಟರಿಗೇ ಸಿಕ್ಕಿದ್ದು. ಡೀಸನ್, ಓಟ್ಸ್ ಇಬ್ಬರೂ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. ಅದೇ ಕಾರ್ನ್‌ವಾಲ್‌ನ ಗಣಿಗಾರರು 1880ರ ನಂತರ ನಮ್ಮ ಕೋಲಾರಕ್ಕೂ ಬಂದರು. ಹಾಗಂತ ರಜೆಗೆ ಬರುವಾಗ ಯಂತ್ರ ತರುತ್ತೀಯಾ, ಕೆಜಿಎಫ್‌ನಲ್ಲಿ ನೋಡೋಣ ಅನ್ನುವ ಭಾವಂದಿರಿಗೆ ಒಂದು ಮಾತು: ಕೋಲಾರ, ಹಟ್ಟಿಯ ಚಿನ್ನ ಬೆಣಚುಕಲ್ಲಿನೊಳಗೆ ಸಣ್ಣ ಕಣಗಳಾಗಿ ಹರಡಿರುವಂಥದ್ದು. ಟನ್ ಅದಿರು ಅರೆದರೆ ಕೆಲವೇ ಗ್ರಾಂ. ಅಂಥ ಕಣ ಯಾವ ಕಾಯಿಲಿಗೂ ಕೇಳಿಸದು.

ಕೊಳ್ಳಬೇಕೇ? ಹೊಸ ದುಬಾರಿ ಮಾಡೆಲ್‌ಗಳು ಎಂಟು ಸಾವಿರ ಡಾಲರ್ ದಾಟುತ್ತವೆ, ನನ್ನ ಸಂಬಳಕ್ಕೆ ಅದು ಹುಚ್ಚಾಟ. ನನ್ನ ಹಾಗೆ ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳಿ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಎದುರಿಗೇ ಪರೀಕ್ಷಿಸಿ, ಉಳಿದ ದುಡ್ಡಿಗೆ ಸಣ್ಣ ಮೊನೋ ಕಾಯಿಲ್ (ಒಂದೇ ತಂತಿಸುತ್ತಿನದು) ಮತ್ತು ಭುಜದ ಪಟ್ಟಿ. ಪಟ್ಟಿ ಇಲ್ಲದಿದ್ದರೆ ಮಧ್ಯಾಹ್ನಕ್ಕೇ ಮೊಣಕೈ ಮಾತಾಡುತ್ತದೆ. ಚಿನ್ನ ಹುಡುಕಲು ಬೇಕಾದ ಸರ್ಕಾರದ ಪರವಾನಗಿ 'ಮೈನರ್ಸ್ ರೈಟ್' ಮೊದಲೇ ಮಾಡಿಸಿ, ಹತ್ತು ವರ್ಷ ನಡೆಯುತ್ತದೆ. ಅಗೆದ ಗುಂಡಿ ಮುಚ್ಚಿಯೇ ಹೊರಡಿ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಯಂತ್ರ ಮನೆಯಲ್ಲೇ ಇರಲಿ. ಆಗ ಇಲ್ಲಿ ಬೇಸಿಗೆ, ಆ ಬಿಸಿಲಿಗೆ ಹೊರಬರುವುದು ಹಾವು ಮತ್ತು ನೊಣ.