ಕನ್ಸರ್ವೇಟರಿಗೆ ಬ್ಲೈಂಡ್ಸ್, ಶಟರ್ಸ್: ಮೊದಲು ಸೂರು, ಆಮೇಲೆ ಕಿಟಕಿ

ಇಂಗ್ಲೆಂಡಿನಲ್ಲಿ ಕನ್ಸರ್ವೇಟರಿ (ಮನೆಗೆ ಅಂಟಿಕೊಂಡ ಗಾಜಿನ ಕೋಣೆ) ಇರುವ ಮನೆ ಕೊಂಡವರು ಯಾರಾದರೂ ನನ್ನನ್ನು ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಕೈಯಲ್ಲಿರುವ ದುಡ್ಡನ್ನು ಸೂರಿನ ಬ್ಲೈಂಡ್ಸ್‌ಗೆ (ಬಿಸಿಲು ತಡೆಯುವ ಬಟ್ಟೆಯ ಪರದೆ) ಹಾಕಿ, ಕಿಟಕಿಯ ಶಟರ್ಸ್ (ತಿರುಗುವ ಅಡ್ಡಪಟ್ಟಿಗಳಿರುವ ರೆಕ್ಕೆಬಾಗಿಲು) ಆಮೇಲೆ ನೋಡಿಕೊಳ್ಳಿ. ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಅದಕ್ಕೆ ಎರಡು ಬೇಸಿಗೆ ತೆತ್ತೆವು.

ನಮ್ಮ ಮನೆ ಇರುವುದು ರೆಡಿಂಗ್‌ನಲ್ಲಿ. ಮನೆಯ ಹಿಂದೆ 4 ಮೀಟರ್ ಉದ್ದ, 3 ಮೀಟರ್ ಅಗಲದ ಕನ್ಸರ್ವೇಟರಿ. ಮೊಣಕಾಲೆತ್ತರದ ಇಟ್ಟಿಗೆ ಗೋಡೆ, ಅದರ ಮೇಲೆ ಸುತ್ತಲೂ ಯುಪಿವಿಸಿ ಪ್ಲಾಸ್ಟಿಕ್ ಚೌಕಟ್ಟಿನ ಗಾಜು, ತಲೆಯ ಮೇಲೆ ಬೆಳಕು ತೂರುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಶೀಟು. ಮುಖ ನೈಋತ್ಯಕ್ಕೆ. ಮನೆ ನೋಡಲು ಬಂದ ದಿನವೇ ನನ್ನ ಹೆಂಡತಿ ಅಲ್ಲಿ ನಿಂತು, ಇದು ನಮ್ಮ ಜಗಲಿ ಅಂದಿದ್ದಳು. ಚಳಿಗಾಲದಲ್ಲಿ ಕರಿಬೇವು, ದೊಡ್ಡಪತ್ರೆ, ತುಳಸಿ ಮೂರಕ್ಕೂ ಜಾಗವಾಯಿತು ಅನ್ನುವುದು ಅವಳ ಲೆಕ್ಕ. ಊರಿನ ಜಗಲಿಗೆ ಮಾಡು ಇರುತ್ತದೆ, ಇದಕ್ಕೆ ಇಲ್ಲ ಅನ್ನುವುದು ಆವತ್ತು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

2021ರ ವಸಂತದಲ್ಲಿ ಶಟರ್ಸ್ ಹಾಕಿಸಿದೆವು. ಪಕ್ಕದ ಮನೆಯ ಮಹಡಿ ಕಿಟಕಿಯಿಂದ ನಮ್ಮ ಊಟದ ತಟ್ಟೆ ಕೂಡ ಕಾಣುತ್ತಿತ್ತು, ಹಾಗಾಗಿ ಮರೆ ಬೇಕೇ ಬೇಕಿತ್ತು. ಬಿಳಿ ಬಣ್ಣದ ಪ್ಲಾಂಟೇಶನ್ ಶಟರ್ಸ್, 63 ಮಿಲಿಮೀಟರ್ ಪಟ್ಟಿ, ಆರು ಕಿಟಕಿಗೆ ಸುಮಾರು 2,600 ಪೌಂಡ್. ನೋಡಲು ಅಷ್ಟು ಚೆಂದ ಬೇರೆ ಯಾವುದೂ ಇಲ್ಲ, ಈ ಮಾತನ್ನು ಇವತ್ತಿಗೂ ಹೇಳುತ್ತೇನೆ. ಪಟ್ಟಿಯನ್ನು ಸ್ವಲ್ಪ ಮೇಲ್ಮುಖ ಮಾಡಿದರೆ ಪಕ್ಕದವರಿಗೆ ನಾವು ಕಾಣುವುದಿಲ್ಲ, ನಮಗೆ ಆಕಾಶ ಕಾಣುತ್ತದೆ. ಜೂನ್‌ನಲ್ಲಿ ಇಲ್ಲಿ ರಾತ್ರಿ ಒಂಬತ್ತಾದರೂ ಬಿಸಿಲಿರುತ್ತದೆ, ಅದೂ ಅಡ್ಡಡ್ಡ ಕಣ್ಣಿಗೇ ಹೊಡೆಯುವ ಬಿಸಿಲು. ಅದನ್ನು ತಡೆಯುವುದರಲ್ಲಿ ಪಟ್ಟಿಗಳನ್ನು ಮೀರಿಸುವಂಥದ್ದು ನಾನು ನೋಡಿಲ್ಲ.

ಆದರೆ ಕೋಣೆ ತಂಪಾಗಲಿಲ್ಲ. ಒಂಚೂರೂ ಆಗಲಿಲ್ಲ.

2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತಲ್ಲ, ಈ ದೇಶ ಮೊದಲ ಸಲ 40 ದಾಟಿದ್ದು ಆಗಲೇ. ತೀವ್ರ ಬಿಸಿಲಿಗೆಂದು ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟಿದ್ದೂ ಅದೇ ಮೊದಲು. ಎಚ್ಚರಿಕೆ ಇದ್ದ ಆ ಎರಡು ದಿನ ನಮ್ಮ ಕನ್ಸರ್ವೇಟರಿಗೆ ಕಾಲಿಡುವ ಹಾಗಿರಲಿಲ್ಲ. ಶಟರ್ಸ್ ಪೂರ್ತಿ ಮುಚ್ಚಿದ್ದೆವು, ಆದರೂ ಒಳಗಿನ ಥರ್ಮಾಮೀಟರಿನ ಮುಳ್ಳು 50ರ ಕೊನೆ ಗೆರೆಗೆ ತಾಗಿ ನಿಂತಿತ್ತು. ಲೆಸ್ಟರ್‌ನಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದ ಕರಿಬೇವಿನ ಗಿಡದ ಎಲೆಗಳೆಲ್ಲ ಅಂಚಿನಿಂದ ಕಂದಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾದವು. ಅದನ್ನು ಕತ್ತಲಿರುವ ಅಡುಗೆಮನೆಗೆ ಒಯ್ದಿಟ್ಟು ನನ್ನ ಹೆಂಡತಿ ವಾರಗಟ್ಟಲೆ ಆರೈಕೆ ಮಾಡಿದಳು. ಬುಡದಿಂದ ಹೊಸ ಚಿಗುರು ಬಂತು, ಗಿಡ ಉಳಿಯಿತು.

ಕಾರಣ ಆಮೇಲೆ ಅರ್ಥವಾಯಿತು. ಬೇಸಿಗೆಯ ಮಧ್ಯಾಹ್ನ ಇಲ್ಲಿ ಸೂರ್ಯ ಸುಮಾರು 62 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಬೆಂಗಳೂರಿನ ಹಾಗೆ ನೆತ್ತಿಯ ಮೇಲೆ ಬಂದು ನಿಲ್ಲುವುದಿಲ್ಲ, ನಿಜ. ಆದರೂ ನಡುಹಗಲಿನ ಬಿಸಿಲಿನ ಬಹುಪಾಲು ಬೀಳುವುದು ಸೂರಿನ ಮೇಲೇ. ಸೂರನ್ನು ಬಟಾಬಯಲು ಬಿಟ್ಟು ಗೋಡೆಗೆ ಮರೆ ಕಟ್ಟಿದರೆ ಕೊಡೆಯನ್ನು ಮಗ್ಗುಲಿಗೆ ಹಿಡಿದು ಮಳೆಯಲ್ಲಿ ನಡೆದ ಹಾಗೆ. ಇನ್ನೊಂದು ವಿಷಯ, ಬೆಳಕಾಗಿ ಒಳಗೆ ಬಂದದ್ದು ಬಟ್ಟೆಗೋ ನೆಲಕ್ಕೋ ತಾಗಿ ಶಾಖವಾದ ಮೇಲೆ ಆ ಶಾಖವನ್ನು ಗಾಜು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಹಾಗಾಗಿ ಒಳಗೆ ಹಾಕುವ ಯಾವುದೇ ಬ್ಲೈಂಡ್‌ಗೆ ಬೆಳಕು ಶಾಖವಾಗುವ ಮೊದಲೇ ಅದನ್ನು ವಾಪಸ್ಸು ಕಳಿಸುವ ಬೆನ್ನು ಇರಬೇಕು, ಅಂದರೆ ಗಾಜಿನ ಕಡೆಗೆ ಬಿಳಿ ಅಥವಾ ಅಲ್ಯೂಮಿನಿಯಂ ಲೇಪನ. ಅಂಗಡಿಯವರು ತೋರಿಸುವುದು ನಾವು ನೋಡುವ ಕಡೆಯ ಬಣ್ಣವನ್ನು. ನೀವು ಸ್ಯಾಂಪಲ್ ತುಂಡನ್ನು ತಿರುಗಿಸಿ ಬೆನ್ನು ನೋಡಿ.

ಅದೇ ವರ್ಷ ಅಕ್ಟೋಬರಿನಲ್ಲಿ ಸೂರಿಗೆ ಜೇನುಗೂಡಿನಂಥ ಕೋಶಗಳಿರುವ ಹನಿಕೋಂಬ್ ಬ್ಲೈಂಡ್ಸ್ ಹಾಕಿಸಿದೆವು. ಬಟ್ಟೆ ಎರಡು ಪದರ, ನಡುವೆ ಗಾಳಿ, ಕೋಶದ ಒಳಗೆ ಅಲ್ಯೂಮಿನಿಯಂ ಲೇಪನ. ಪ್ರತಿ ಬ್ಲೈಂಡೂ ಬಿಗಿದು ಕಟ್ಟಿದ ತಂತಿಗಳ ಮೇಲೆ ಜಾರುತ್ತದೆ. ಎಂಟು ಬ್ಲೈಂಡ್‌ಗೆ 2,100 ಪೌಂಡ್ ಆಯಿತು. ಮರು ಬೇಸಿಗೆ ಹೊರಗೆ 29 ಡಿಗ್ರಿ ಇದ್ದ ಒಂದು ಮಧ್ಯಾಹ್ನ ಪರೀಕ್ಷೆ ಮಾಡಿ ನೋಡಿದೆ. ಕಿಟಕಿಗಳು ತೆರೆದಿದ್ದು ಸೂರಿನ ಬ್ಲೈಂಡ್ಸ್ ಸರಿಸಿಟ್ಟಾಗ ಒಳಗೆ 41, ಅವನ್ನು ಎಳೆದು ಎರಡು ಗಂಟೆ ಬಿಟ್ಟು ನೋಡಿದರೆ 34. ಏಳು ಡಿಗ್ರಿ. ಕೂತು ಕಾಫಿ ಕುಡಿಯಬಹುದು, ಮಗಳು ನೆಲದ ಮೇಲೆ ಆಡಬಹುದು. ಇನ್ನೂ ಸೆಖೆಯೇ, ಎಸಿ ಹಾಕಿದ ಹಾಗೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಿಟಕಿ ತೆರೆಯುವ ಮಾತು ಬಂತಲ್ಲ, ಶಟರ್ಸ್ ತಕರಾರು ಇರುವುದು ಅಲ್ಲೇ. ಕಿಟಕಿ ತೆರೆಯಬೇಕಾದರೆ ಮೊದಲು ಶಟರ್ ರೆಕ್ಕೆಯನ್ನು ಒಳಕ್ಕೆ ಎಳೆಯಬೇಕು, ಅದಕ್ಕೂ ಮೊದಲು ಕಟ್ಟೆಯ ಮೇಲಿನ ಕುಂಡಗಳನ್ನು ಇಳಿಸಬೇಕು. ದಿನಾ ಬೆಳಿಗ್ಗೆ ಇದೇ ಕೆಲಸ. ಹಾಗಾಗಿ ಬಾಗಿಲ ಎರಡು ಪಕ್ಕದ ಕಿಟಕಿಗಳಿಂದ ಶಟರ್ಸ್ ತೆಗೆಸಿ ಪರ್ಫೆಕ್ಟ್ ಫಿಟ್ ಬ್ಲೈಂಡ್ಸ್ ಹಾಕಿಸಿದೆ. ಗಾಜಿನ ಅಂಚಿನ ರಬ್ಬರ್ ಪಟ್ಟಿಯ ಸಂದಿಗೆ ಸಣ್ಣ ಬ್ರಾಕೆಟ್ ತೂರಿಸಿ ಕೂರಿಸುತ್ತಾರೆ, ಒಂದು ಸ್ಕ್ರೂ ಕೂಡ ಬೇಡ. ಯುಪಿವಿಸಿಗೆ ತೂತು ಹೊಡೆಯುವಾಗ ಕೈ ತಪ್ಪಿ ಡಬಲ್ ಗ್ಲೇಜಿಂಗಿನ (ಜೋಡಿ ಪದರದ) ಗಾಜಿಗೆ ತಾಗುವ ಭಯವೂ ಇಲ್ಲ. ಕಿಟಕಿ ತೆರೆದರೆ ಬ್ಲೈಂಡೂ ಅದರ ಜೊತೆಗೇ ತೆರೆದುಕೊಳ್ಳುತ್ತದೆ. ಮಕ್ಕಳ ಕುತ್ತಿಗೆಗೆ ಸುತ್ತಿಕೊಳ್ಳಬಹುದಾದ ಹಗ್ಗ, ಸರಪಳಿ ಯಾವುದೂ ಇಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದೊಂದು ಕಾರಣವೇ ಸಾಕು. ಹಗ್ಗವಿರುವ ಬ್ಲೈಂಡ್ ಇದ್ದರೆ ಹಗ್ಗ ಸುತ್ತುವ ಕೊಕ್ಕೆ ನೆಲದಿಂದ ಒಂದೂವರೆ ಮೀಟರಿಗಿಂತ ಕೆಳಗೆ ಇರಬಾರದು. ಹಳೆಯ ಮನೆಯ ಜೊತೆ ಬಂದ ಬ್ಲೈಂಡ್ಸ್ ಇದ್ದರೆ ಇವತ್ತೇ ಟೇಪ್ ಹಿಡಿದು ಅಳೆದು ನೋಡಿ.

ಶಟರ್ಸ್ ಕೊಂಡಾಗ ಯಾವ ವಸ್ತುವಿನಿಂದ ಮಾಡಿದ್ದು ಅಂತ ನಾನು ಸರಿಯಾಗಿ ಕೇಳಲಿಲ್ಲ. ನಮಗೆ ಕೊಟ್ಟಿದ್ದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಕನ್ಸರ್ವೇಟರಿಯ ಚಳಿಗಾಲ ಅಂದರೆ ನೀರು: ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಹನಿ ಸಾಲುಗಟ್ಟಿ ಇಳಿದು ಕಟ್ಟೆಯ ಮೇಲೆ ನಿಲ್ಲುತ್ತದೆ. ಎರಡನೇ ಚಳಿಗಾಲಕ್ಕೆ ಎರಡು ರೆಕ್ಕೆಗಳ ಕೆಳಪಟ್ಟಿ ಊದಿತು, ಬಣ್ಣ ಬಿರುಕು ಬಿಟ್ಟಿತು, ಒಳಗಿನ ಹೊಟ್ಟು ಬೆರಳಿಗೆ ಅಂಟುವಂತಾಯಿತು. ಅಳತೆಗೆ ಮಾಡಿಸಿದ್ದನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ ಅಂದುಬಿಟ್ಟರು ಮಾರಿದವರು. ಮನಸ್ಸು ಬದಲಾಯಿತು ಅಂತ 14 ದಿನದೊಳಗೆ ರದ್ದು ಮಾಡುವ ಹಕ್ಕು ಅಳತೆಗೆ ಮಾಡಿಸಿದ ವಸ್ತುಗಳಿಗೆ ಇಲ್ಲ, ಅದು ಸರಿ. ಆದರೆ ವಸ್ತು ಹೇಳಿದ ಕೆಲಸಕ್ಕೆ ಯೋಗ್ಯವಾಗಿರಬೇಕು ಅನ್ನುವ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ಆರು ತಿಂಗಳು ಕಳೆದ ಮೇಲೆ ದೋಷ ಮೊದಲಿನಿಂದಲೂ ಇತ್ತು ಅಂತ ತೋರಿಸುವ ಹೊಣೆ ನಮ್ಮದು. ನನ್ನ ಹತ್ತಿರ ಆರ್ಡರ್ ಪತ್ರ ಇತ್ತು, ಅದರಲ್ಲಿ ಕೋಣೆ ಕನ್ಸರ್ವೇಟರಿ ಅಂತ ಅವರೇ ಬರೆದಿದ್ದರು. ಫೋಟೋಗಳ ಜೊತೆ ಅದನ್ನು ಲಗತ್ತಿಸಿ ಪತ್ರ ಬರೆದೆ. ಮೂರು ತಿಂಗಳು ಎಳೆದಾಡಿ, ಕಡೆಗೆ ಆ ಎರಡು ರೆಕ್ಕೆಗಳನ್ನು ಎಬಿಎಸ್ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿಕೊಟ್ಟರು. ಅವು ಇವತ್ತಿಗೂ ಹೊಸದರ ಹಾಗಿವೆ. ಉಳಿದ ಎಂಡಿಎಫ್ ರೆಕ್ಕೆಗಳ ಕೆಳಗೆ ಚಳಿಗಾಲ ಪೂರ್ತಿ ದಿನಾ ಒರೆಸುತ್ತೇನೆ.

ಚಳಿಗಾಲಕ್ಕೆ ಹನಿಕೋಂಬ್ ಉಪಕಾರಿ ಹೌದು, ಸಂಜೆ ಹೀಟರ್ ಆರಿಸಿದ ಮೇಲೂ ಒಂದಷ್ಟು ಹೊತ್ತು ಬೆಚ್ಚಗಿರುತ್ತದೆ. ಆದರೆ ಬ್ಲೈಂಡ್ ಮತ್ತು ಗಾಜಿನ ನಡುವೆ ತಣ್ಣನೆಯ ಗಾಳಿ ಸಿಕ್ಕಿಕೊಂಡು ಅಲ್ಲಿ ಇನ್ನಷ್ಟು ಹನಿಗಟ್ಟುತ್ತದೆ. ಕಿಟಕಿಯ ಬ್ಲೈಂಡ್ಸ್ ಕೆಳಗೆ ಎರಡು ಬೆರಳು ಸಂದಿ ಬಿಡಿ, ಬೆಳಿಗ್ಗೆ ಎದ್ದ ತಕ್ಷಣ ಮೇಲೆತ್ತಿ. ಆ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಗಿಸಬೇಡಿ, ಬಟ್ಟೆಯ ಅಂಚಿಗೆ ಕಪ್ಪು ಬೂಷ್ಟು ಹಿಡಿದರೆ ಹೋಗುವುದಿಲ್ಲ. ಕೋಶಗಳ ತುದಿ ತೆರೆದೇ ಇರುವುದರಿಂದ ಒಳಗೆ ನೊಣ, ಜೇಡ ಸೇರಿಕೊಳ್ಳುತ್ತವೆ. ಬಿಸಿಲು ಬಿದ್ದಾಗ ಸತ್ತ ನೊಣದ ನೆರಳು ಬಟ್ಟೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ. ಹೇರ್ ಡ್ರೈಯರಿನ ತಣ್ಣನೆ ಗಾಳಿಯನ್ನು ಒಂದು ತುದಿಯಿಂದ ಊದಿದರೆ ಇನ್ನೊಂದು ತುದಿಯಲ್ಲಿ ಹೊರಬೀಳುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ಅಗಲ ಮೂರು ಕಡೆ, ಎತ್ತರ ಮೂರು ಕಡೆ ಮಿಲಿಮೀಟರಿನಲ್ಲಿ ತೆಗೆದುಕೊಂಡು ಅತಿ ಕಡಿಮೆಯದನ್ನು ಕೊಡಿ. ಅದು ಕಿಟಕಿ ಗೂಡಿನ ಅಳತೆಯೋ ಬ್ಲೈಂಡಿನದ್ದೋ ಅಂತ ಆರ್ಡರಿನಲ್ಲಿ ಸ್ಪಷ್ಟವಾಗಿ ಬರೆಸಿ. ಗೂಡಿನದಾದರೆ ಸಡಿಲಕ್ಕೆ ಬೇಕಾದಷ್ಟನ್ನು ಅವರೇ ಕಳೆಯುತ್ತಾರೆ, ನೀವೂ ಕಳೆದರೆ ಅಂಚಿನಲ್ಲಿ ಬೆಳಕಿನ ಗೆರೆ ಬೀಳುತ್ತದೆ. ಶಟರ್ಸ್ ಆದರೆ ಕಿಟಕಿಯ ಹಿಡಿ ಎಷ್ಟು ಮುಂದೆ ಚಾಚಿದೆ ಅಂತಲೂ ಅಳೆಯಿರಿ. ಪಟ್ಟಿ ಅಗಲವಾದಷ್ಟೂ ತಿರುಗಲು ಜಾಗ ಹೆಚ್ಚು ಬೇಕು, 89 ಮಿಲಿಮೀಟರ್ ಪಟ್ಟಿ ನಮ್ಮ ಹಿಡಿಗೆ ತಗಲುತ್ತಿತ್ತು.

2023ರ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಎರಡನೇ ದಿನವೇ ಆ ಕೋಣೆ ನೋಡಿ, ಹೊರಗಡೆಯಿಂದ ಒಂದು ತಟ್ಟಿ ಕಟ್ಟಬಾರದೇನೋ ಅಂದರು. ಊರಲ್ಲಿ ಲಾವಂಚದ ತಟ್ಟಿಯನ್ನು ಕಿಟಕಿಯ ಹೊರಗೆ ಕಟ್ಟಿ ನೀರು ಚಿಮುಕಿಸುತ್ತಿದ್ದುದು ಅವರಿಗೆ ನೆನಪಿತ್ತು. ಅವರ ಮಾತು ಸರಿ. ಬಿಸಿಲನ್ನು ಗಾಜು ದಾಟುವ ಮೊದಲೇ ತಡೆದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನೈಋತ್ಯದ ಬದಿಗೆ ಎರಡು ಕಂಬ ನೆಟ್ಟು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯ ಚಪ್ಪರ ಎಳೆದು ಕಟ್ಟುತ್ತೇನೆ, ಜೋರು ಗಾಳಿ ಇದ್ದರೆ ಬಿಚ್ಚುತ್ತೇನೆ. ಇದಕ್ಕೆ ಖರ್ಚಾಗಿದ್ದು 140 ಪೌಂಡ್. ಅಮ್ಮ ಮಾತ್ರ ಸೂರಿನ ಬ್ಲೈಂಡ್ಸ್ ಎಲ್ಲ ಸರಿಸಿ, ಮೇಜಿನ ಮೇಲೆ ಹಳೆ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟರು. ಮೂರು ದಿನದಲ್ಲಿ ಗರಿಗರಿ ಒಣಗಿದವು.

ಮೂರು ವರ್ಷದಲ್ಲಿ ಸೂರಿನ ಬಟ್ಟೆಯ ಬಣ್ಣ ಚೂರು ಮಾಸಿದೆ, ಕಿಟಕಿಯದ್ದು ಹಾಗೇ ಇದೆ. ಸೂರಿನ ಮೂರನೇ ಬ್ಲೈಂಡಿನ ತಂತಿ ಸಡಿಲವಾಗಿ ನಡುವೆ ಜೋತಿದೆ. ಏಪ್ರಿಲ್ ಬರುವ ಮೊದಲು ಅದನ್ನು ಬಿಗಿ ಮಾಡಿಸಬೇಕು, ಕರಿಬೇವಿನ ಗಿಡ ಈಗ ಆ ತಂತಿಯ ಕೆಳಗೇ ಬೆಳೆಯುತ್ತಿದೆ.