ವೈಸೆನ್‌ಬಾರ್ನ್ ಹವಾಯಿಯನ್ ಗಿಟಾರ್: 12 ವರ್ಷ ನುಡಿಸಿದ ಮೇಲೆ

ಲಾಸ್ ಏಂಜಲೀಸ್‌ನ ಹರ್ಮನ್ ವೈಸೆನ್‌ಬಾರ್ನ್ ಅವರ ಕಾರ್ಯಾಗಾರದಲ್ಲಿ 1920ರ ದಶಕದಲ್ಲಿ ತಯಾರಾದ, ತೊಡೆಯ ಮೇಲೆ ಮಲಗಿಸಿ ಉಕ್ಕಿನ ಬಾರ್ ಜಾರಿಸುತ್ತ ನುಡಿಸುವ ಗಿಟಾರೊಂದನ್ನು 12 ವರ್ಷಗಳಿಂದ ಬಹುತೇಕ ಪ್ರತಿದಿನವೂ ನುಡಿಸುತ್ತಿದ್ದೇನೆ. ನನ್ನದು ಅಲಂಕಾರವಿಲ್ಲದ ಸ್ಟೈಲ್ 1 ಮಾದರಿ. ಆಮೇಲೆ, ಅಂಚಿನುದ್ದಕ್ಕೂ ಹಗ್ಗ ಹೊಸೆದಂತೆ ಕಾಣುವ ಮರದ ಕುಸುರಿಯಿರುವ ಸ್ಟೈಲ್ 4 ಅನ್ನೂ ಸಂಗ್ರಹಕ್ಕೆಂದು ಕೊಂಡೆ.

ಈ ವಾದ್ಯದ ಗುಟ್ಟಿರುವುದು ಅದರ ಕುತ್ತಿಗೆಯಲ್ಲಿ. ಸಾಮಾನ್ಯ ಗಿಟಾರಿನ ಕುತ್ತಿಗೆ ಗಟ್ಟಿ ಮರದ್ದಾದರೆ ಇದರದ್ದು ಪೊಳ್ಳು. ಒಡಲಿನ ಟೊಳ್ಳು ಹಾಗೆಯೇ ಮುಂದುವರಿದು ಕುತ್ತಿಗೆಯೊಳಗೂ ಚಾಚಿಕೊಂಡಿರುವುದರಿಂದ, ಹವಾಯಿಯಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಕೋವಾ ಮರದ ತೆಳು ಹಲಗೆಗಳು ಒಟ್ಟಾಗಿ ಕಂಪಿಸುತ್ತವೆ. ಮಂದ್ರದ ತಂತಿಯನ್ನು ಮೀಟಿದಾಗ ಆ ಕಂಪನ ತೊಡೆಗೂ ತಾಗುತ್ತದೆ. ಕುತ್ತಿಗೆಯ ಮೇಲಿನ ಮೆಟ್ಟಿಲುಗಳು (ಫ್ರೆಟ್‌ಗಳು) ಮೇಲೆದ್ದಿಲ್ಲ, ಸ್ವರಸ್ಥಾನ ತೋರಿಸುವ ಗೆರೆಗಳಷ್ಟೇ ಇವೆ. ಆದ್ದರಿಂದ ಶ್ರುತಿಶುದ್ಧಿಯ ಹೊಣೆಯೆಲ್ಲ ಕಿವಿಯದು.

ನಾನು ಇದನ್ನು ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಎಂದು ಶ್ರುತಿ ಮಾಡುತ್ತೇನೆ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಅದು ಸ-ಪ-ಸ-ಗ-ಪ-ಸ, ಇಲ್ಲಿನ ‘ಗ’ ಅಂತರ ಗಾಂಧಾರ, ಅಂದರೆ ಎತ್ತರದ ಗಾಂಧಾರ. ಶಂಕರಾಭರಣ, ಮೋಹನ ರಾಗಗಳಿಗೆ ಇದು ಹೇಳಿಮಾಡಿಸಿದಂತಿದೆ. ಖರಹರಪ್ರಿಯಕ್ಕಾದರೆ ಗಾಂಧಾರದ ತಂತಿಯನ್ನು ಅರ್ಧ ಸ್ವರ ಇಳಿಸಲೇಬೇಕು, ಇಲ್ಲದಿದ್ದರೆ ತೆರೆದ ತಂತಿ ರಾಗವನ್ನು ಕೆಡಿಸುತ್ತದೆ. ವೀಣೆಯಂತಿದ್ದರೂ ಮೆಟ್ಟಿಲುಗಳಿಲ್ಲದ, ಕೋಲು ಜಾರಿಸಿ ನುಡಿಸುವ ಗೋಟುವಾದ್ಯ ಕೇಳಿ ಬೆಳೆದ ನನಗೆ ಜಾರುಗಮಕಗಳು ಬೇಗ ಒಲಿದವು. ಆದರೆ ಮೀಟದೆಯೇ ತಾವಾಗಿ ಕಂಪಿಸುವ ಅನುರಣನದ ತಂತಿಗಳು ಇದರಲ್ಲಿ ಇಲ್ಲದ ಕಾರಣ ನಾದ ಗೋಟುವಾದ್ಯದಷ್ಟು ಹೊತ್ತು ನಿಲ್ಲುವುದಿಲ್ಲ. ವಿಳಂಬದ ಆಲಾಪನೆಯಲ್ಲಿ ಮತ್ತೆ ಮತ್ತೆ ಮೀಟಬೇಕಾಗುವುದು ನನಗೆ ಇಂದಿಗೂ ಕೊರತೆಯಾಗಿಯೇ ಕಾಣುತ್ತದೆ.

ಕೊಂಡ ಮೊದಲ ವರ್ಷ ನನ್ನಿಂದ ಒಂದು ತಪ್ಪಾಯಿತು. ಧ್ವನಿ ಇನ್ನಷ್ಟು ದೊಡ್ಡದಾಗಲಿ ಎಂದು ದಪ್ಪ ತಂತಿ ಹಾಕಿದೆ. ಕೆಲವೇ ತಿಂಗಳಲ್ಲಿ ಕುದುರೆಯ (ಹಲಗೆಯ ಮೇಲೆ ತಂತಿಗಳನ್ನು ಹೊರುವ ಪಟ್ಟಿಯ) ಹಿಂಬದಿ ಮೇಲೆದ್ದು, ಅದರ ಸುತ್ತಲಿನ ಹಲಗೆ ಉಬ್ಬಿತು. ದುರಸ್ತಿ ಮಾಡಿಕೊಟ್ಟವರ ಮಾತಿನಂತೆ ಅಂದಿನಿಂದ 0.012 ಇಂಚಿನಿಂದ 0.053 ಇಂಚಿನವರೆಗಿನ ತಂತಿಗಳನ್ನಷ್ಟೇ ಬಳಸುತ್ತಿದ್ದೇನೆ, ಉಬ್ಬು ಮತ್ತೆ ಹೆಚ್ಚಿಲ್ಲ. ಹಲಗೆಗಳನ್ನು ಜೋಡಿಸಿರುವುದು ಪ್ರಾಣಿಗಳ ಚರ್ಮದಿಂದ ಮಾಡಿದ ಹಳೆಯ ಕಾಲದ ಅಂಟಿನಿಂದ. ಬಿಸಿಲಿಗೆ ನಿಂತ ಕಾರಿನಲ್ಲಿಟ್ಟರೆ ಅದು ಬಿಟ್ಟುಕೊಳ್ಳುತ್ತದೆ. ಪೆಟ್ಟಿಗೆಯೊಳಗಿನ ತೇವಾಂಶವನ್ನು ಶೇ. 45ರಿಂದ 50ರಲ್ಲಿ ಕಾಯ್ದುಕೊಳ್ಳುವುದು ನನ್ನ ನಿತ್ಯದ ಕೆಲಸವಾಗಿದೆ.

1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ನಂತರ ಅಮೆರಿಕದಲ್ಲಿ ಹಬ್ಬಿದ ಹವಾಯಿ ಸಂಗೀತದ ಮೋಹವೇ ಇಂಥ ವಾದ್ಯಗಳಿಗೆ ಮಾರುಕಟ್ಟೆ ಒದಗಿಸಿತ್ತು. 1930ರ ದಶಕದಲ್ಲಿ ವಿದ್ಯುತ್ ಗಿಟಾರುಗಳು ಬಂದು ಅವುಗಳನ್ನು ಮೂಲೆಗೆ ಸರಿಸಿದವು. ವೈಸೆನ್‌ಬಾರ್ನ್ 1937ರಲ್ಲಿ ತೀರಿಕೊಂಡರು. ಮುಂದೆ ಅಮೆರಿಕದ ಡೇವಿಡ್ ಲಿಂಡ್ಲೆ, ಬೆನ್ ಹಾರ್ಪರ್ ಅವರಂಥ ವಾದಕರಿಂದಾಗಿ ಬೇಡಿಕೆ ಮರಳಿ, ಈಗ ಬೆಲೆ ಏರಿದೆ, ನಕಲುಗಳೂ ಸಾಕಷ್ಟಿವೆ. ಕೊಳ್ಳುವ ಮುನ್ನ ನಾದರಂಧ್ರದೊಳಗೆ ಬೆಳಕು ಬಿಟ್ಟು ಹಿಂಬದಿಯ ಹಲಗೆಯ ಮೇಲಿನ ತಯಾರಕರ ಸುಟ್ಟ ಮುದ್ರೆಯನ್ನೂ ಒಳಗಿನ ಆಧಾರಪಟ್ಟಿಗಳನ್ನೂ ನೋಡಬೇಕು. ಅಚ್ಚುಕಟ್ಟಾಗಿ ಸರಿಪಡಿಸಿದ ಬಿರುಕಿಗೆ ಹೆದರಬೇಕಿಲ್ಲ. ಕುದುರೆ ಬದಲಾಗಿದ್ದರೆ ಮಾತ್ರ ಕಾರಣ ಕೇಳಿ ತಿಳಿಯಬೇಕು.

ಸ್ಟೈಲ್ 4ರ ಕುಸುರಿ ಕಣ್ಣಿಗೆ ಹಬ್ಬ, ಆದರೆ ನಾದದಲ್ಲಿ ನನ್ನ ಸ್ಟೈಲ್ 1ಕ್ಕಿಂತ ಅದು ಮುಂದಿಲ್ಲ. ನುಡಿಸುವ ಆಸೆಯಿಂದ ಕೊಳ್ಳುವವರಿಗೆ ನಾನು ಸ್ಟೈಲ್ 1 ಅನ್ನೇ ಹೇಳುತ್ತೇನೆ. ಸ್ಟೈಲ್ 4 ಅನ್ನು ಬಿಟ್ಟುಕೊಡಲು ನಾನೂ ಮನಸ್ಸು ಮಾಡಿದ್ದೇನೆ, ದಿನವೂ ನುಡಿಸುವವರು ಸಿಕ್ಕರೆ.