ಸ್ಮೋಕ್ ಅಲಾರಂಗೆ ಕರೆಂಟ್ ಎಲ್ಲಿಂದ ಕೊಡಬೇಕು? ಎರಡು ಮನೆಗಳ ಹೋಲಿಕೆ

ಸ್ಕಾಟ್ಲೆಂಡ್‌ನಲ್ಲಿ 2022ರ ಫೆಬ್ರವರಿಯಿಂದ ಪ್ರತಿ ಮನೆಯಲ್ಲೂ ಒಂದಕ್ಕೊಂದು ಜೋಡಿಸಿದ ಅಲಾರಂಗಳು ಇರಲೇಬೇಕು. ಹಾಲ್‌ನಲ್ಲಿ ಒಂದು, ಪ್ರತಿ ಮಹಡಿಯಲ್ಲಿ ಓಡಾಡುವ ಜಾಗದಲ್ಲಿ ಒಂದು, ಅಡುಗೆಮನೆಯಲ್ಲಿ ಹೀಟ್ ಅಲಾರಂ. ಇದು ಹೊಗೆಗಲ್ಲ, ಶಾಖಕ್ಕೆ ಕೂಗುವುದು. ಹಾಗಾಗಿ ಒಗ್ಗರಣೆ ಘಾಟಿಗೆ ಭಯವಿಲ್ಲ. ಒಂದು ಕೂಗಿದರೆ ಎಲ್ಲವೂ ಕೂಗಬೇಕು.

ಗ್ಲಾಸ್ಗೋದಲ್ಲಿ ನಾವಿದ್ದ ಎರಡೂ ಮನೆಗಳಲ್ಲಿ ಕರೆಂಟಿನ ಅಲಾರಂಗಳೇ. ಆದರೆ ವೈರಿಂಗ್ ಬೇರೆ ಬೇರೆ.

ಮೊದಲಿನದು ಬಾಡಿಗೆ ಮನೆ. ಅಲ್ಲಿ ಅಲಾರಂಗೆಂದೇ ಪ್ರತ್ಯೇಕ ಎಂಸಿಬಿ (ಫ್ಯೂಸ್ ಬಾಕ್ಸಿನಲ್ಲಿ ಒಂದು ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇತ್ತು. ಬಲ್ಬ್ ಕೆಟ್ಟು ಲೈಟಿನ ಲೈನ್ ಟ್ರಿಪ್ ಆದರೂ ಅಲಾರಂಗೆ ಏನೂ ಆಗುವುದಿಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಬಣ್ಣ ಬಳಿಯಲು ಬಂದವರು ಆ ಎಂಸಿಬಿ ಇಳಿಸಿ ಹಾಗೇ ಹೋಗಿಬಿಟ್ಟರು. ಲೈಟ್ ಉರಿಯುತ್ತಿತ್ತು, ಫ್ರಿಜ್ ಓಡುತ್ತಿತ್ತು. ಅಲಾರಂನ ಹಸಿರು ದೀಪ ಮಾತ್ರ ಆರಿತ್ತು. ಮೆಟ್ಟಿಲ ಮೇಲಿನ ಸೀಲಿಂಗನ್ನು ದಿನಾ ಯಾರು ನೋಡುತ್ತಾರೆ? ಕೊನೆಗೆ, ಕರೆಂಟ್ ಇಲ್ಲದಾಗ ಅಲಾರಂ ನಡೆಸಲೆಂದು ಒಳಗಿರುವ 9 ವೋಲ್ಟ್ ಬ್ಯಾಟರಿ ಸೋತು, ನಡುರಾತ್ರಿ ಒಂದೇ ಸಮನೆ ಕೀಚ್ ಕೀಚ್ ಅನ್ನಲು ಶುರುಮಾಡಿದಾಗಲೇ ಗೊತ್ತಾಗಿದ್ದು.

ಈಗಿನ ಮನೆಯಲ್ಲಿ ಮೆಟ್ಟಿಲ ಲೈಟಿನ ಲೈನಿನಿಂದಲೇ ಕರೆಂಟ್ ಕೊಟ್ಟಿದ್ದಾರೆ. ಸ್ವಿಚ್ ಆರಿಸಿದರೆ ಅಲಾರಂ ಆರುವುದಿಲ್ಲ, ಯಾಕಂದ್ರೆ ಸ್ವಿಚ್‌ಗಿಂತ ಮುಂಚೆಯೇ ವೈರ್ ಎಳೆದಿರುತ್ತಾರೆ. ಲೈನ್ ಟ್ರಿಪ್ ಆದರೆ ಮೆಟ್ಟಿಲೇ ಕತ್ತಲು. ಆ ಸಂಜೆಯೇ ಯಾರಾದರೂ ಫ್ಯೂಸ್ ಬಾಕ್ಸ್ ಹತ್ತಿರ ಹೋಗಲೇಬೇಕು. ಮನೆಗಳ ಬೆಂಕಿ ಅಲಾರಂಗಳಿಗಿರುವ ಬ್ರಿಟಿಷ್ ಸ್ಟ್ಯಾಂಡರ್ಡ್ ಬಿಎಸ್ 5839-6 ಎರಡೂ ಬಗೆಯ ವೈರಿಂಗನ್ನು ಒಪ್ಪುತ್ತದೆ. ನನ್ನ ಮತ ಮಾತ್ರ ಲೈಟಿನ ಲೈನಿಗೆ, ಎರಡು ಮಾತಿಲ್ಲ.

ಬ್ಯಾಟರಿ ವಿಷಯಕ್ಕೆ ಬಂದರೆ, 9 ವೋಲ್ಟಿನದು ಅಗ್ಗ, ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಕೀಚ್ ಸದ್ದಿಗೆ ಬೇಸತ್ತು ಕಿತ್ತಿಟ್ಟವರು ವಾಪಸ್ ಹಾಕುವುದೇ ಇಲ್ಲ. ಈಗಿನದರಲ್ಲಿ ಲಿಥಿಯಂ ಬ್ಯಾಟರಿ ಒಳಗೇ ಸೀಲ್ ಆಗಿದೆ, ಕರೆಂಟಿನಿಂದಲೇ ಚಾರ್ಜ್ ಆಗುತ್ತದೆ. ಬೆಲೆ ಜಾಸ್ತಿ. ಆದರೂ ಇದೇ ವಾಸಿ. ಹೇಗೂ ಹತ್ತು ವರ್ಷಕ್ಕೆ ಅಲಾರಂ ಪೂರ್ತಿ ಬದಲಿಸಲೇಬೇಕಲ್ಲ.

ಇನ್ನು ಟೆಸ್ಟ್. ತಿಂಗಳಿಗೊಮ್ಮೆಯಾದರೂ ಬಟನ್ ಒತ್ತಬೇಕು. ಹಳೆ ಮನೆಯಲ್ಲಿ ಪೊರಕೆಯ ಕೋಲೇ ಗತಿ. ಸೀಲಿಂಗ್ ಎತ್ತರ, ಗುರಿ ತಪ್ಪಿದರೆ ಬಣ್ಣಕ್ಕೆ ಗೀರು. ಈಗ ಕೈಗೆಟಕುವ ಎತ್ತರದಲ್ಲಿ ಗೋಡೆಗೊಂದು ಟೆಸ್ಟ್ ಸ್ವಿಚ್ ಇದೆ. ಊರಿಂದ ಬಂದ ಅತ್ತೆಯೂ ಸಲೀಸಾಗಿ ಒತ್ತುತ್ತಾರೆ. ಒಬ್ಬರು ಒತ್ತುವಾಗ ಇನ್ನೊಬ್ಬರು ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿಲ್ಲಬೇಕು. ನಿದ್ದೆಯಲ್ಲಿದ್ದರೆ ಎಬ್ಬಿಸುವಷ್ಟು ಸದ್ದು ಅಲ್ಲಿಗೆ ಬರುತ್ತದಾ ಅನ್ನುವುದೇ ಮುಖ್ಯ.

ಸುಮ್ನೆ ಬಟನ್ ಒತ್ತಿ ಬಿಡಬೇಡಿ. ಆಗಾಗ ಎಂಸಿಬಿ ಇಳಿಸಿ, ಹಸಿರು ದೀಪ ಆರಿದ ಮೇಲೂ ಒತ್ತಿ ನೋಡಿ. ಕರೆಂಟ್ ಹೋದ ರಾತ್ರಿ ಕಾಯುವುದು ಆ ಬ್ಯಾಟರಿ ತಾನೇ. ಆಮೇಲೆ ಎಂಸಿಬಿ ಏರಿಸಿ, ಪ್ರತಿಯೊಂದರ ಕೆಳಗೂ ನಿಂತು ಹಸಿರು ದೀಪ ಬಂತಾ ನೋಡಿ. ಊದುಬತ್ತಿ, ಮೇಣದಬತ್ತಿ ಹಿಡಿದು ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ. ಮಸಿ ಒಳಗೆ ಕೂತು ಸೆನ್ಸರ್ ಕೆಡುತ್ತದೆ. ನಿಜವಾದ ಹೊಗೆಗೆ ಕೂಗುತ್ತದಾ ಅಂತ ನೋಡಲೇಬೇಕೆಂದರೆ, ಅದಕ್ಕೆಂದೇ ಟೆಸ್ಟ್ ಸ್ಪ್ರೇ ಸಿಗುತ್ತದೆ.